ಸಂತೆ ಕಾಣದ ಬೆಳೆ

ಕೂಡ್ಲಿಗಿಯಲ್ಲಿ ಹಿಡಿದ ದಾರಿ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಸುತ್ತಿಕೊಂಡು ಹರಪನಹಳ್ಳಿಗೆ ಮುಗಿಯುವಷ್ಟರಲ್ಲಿ, ಶಾಸನಗಳು ಕೋಗಳಿ ಐನೂರು ಎಂದು ಕರೆದ ನಾಡಿನ ಬಹುಪಾಲು ಕಣ್ಣಿಗೆ ಬಿದ್ದಿರುತ್ತದೆ. ಕಲ್ಲುಬಂಡೆಯ ಗುಡ್ಡಗಳಿಂದ ತುಂಗಭದ್ರೆಯ ದಂಡೆಯವರೆಗೆ ನೆಲದ ಬಣ್ಣ ಕೆಂಪಿನಿಂದ ಕಪ್ಪಿಗೆ ತಿರುಗುತ್ತದೆ, ಬೆಳೆಯೂ ಬದಲಾಗುತ್ತದೆ. ಊರಿಗೆ ಮರಳಿದ ಮೇಲೆ ಇದೆಲ್ಲ ನೆನಪಿನಲ್ಲಿ ತನ್ನ ಜಾಗ ಹಿಡಿದು ಕೂತಿತು, ಒಂದು ಸಂಗತಿ ಮಾತ್ರ ಕೂರಲೊಲ್ಲದು. ಈ ಸೀಮೆಯಲ್ಲಿ ಬೆಳೆಯುವ ಮಿಡಿಸೌತೆ ಇಲ್ಲಿನ ಯಾವ ಸಂತೆಯಲ್ಲೂ ಮಾರಾಟಕ್ಕೆ ಬರುವುದಿಲ್ಲ, ಯಾವ ಮನೆಯ ಅಡುಗೆಗೂ ಸೇರಿಲ್ಲ. ಹೊಲದಿಂದ ಕಂಪನಿಯ ಗಾಡಿಗೆ, ಅಲ್ಲಿಂದ ಉಪ್ಪುನೀರು ಇಲ್ಲವೆ ವಿನೆಗರ್ ತುಂಬಿದ ಡ್ರಮ್ಮಿಗೆ, ಡ್ರಮ್ಮಿನಿಂದ ಹಡಗಿಗೆ ಹೋಗುತ್ತದೆ. ಅಮೆರಿಕದ ಬರ್ಗರ್ ಅಂಗಡಿಗೂ ಫ್ರಾನ್ಸಿನ ಊಟದ ಮೇಜಿಗೂ ಬೇಕಾದ ಕಾಯಿ ಇದು. ಬಡತನದಿಂದ ಮೇಲೇಳುತ್ತಿರುವ ದೇಶಗಳಲ್ಲಿ ವ್ಯಾಪಾರ ಮಾಡುವುದು ಹೇಗೆ ಎಂಬ ಪಾಠವನ್ನು ವಾಣಿಜ್ಯ ಶಾಲೆಗಳು ಹೊರಗಿನಿಂದ ಬರುವವನ ಕಡೆಯಿಂದ ಕಲಿಸುತ್ತವೆ: ಸರ್ಕಾರ ಬದಲಾದರೆ ಏನು ಗತಿ, ಹಣದ ಬೆಲೆ ಬಿದ್ದರೆ ಏನು ಮಾಡಬೇಕು, ಕರಾರು ಮುರಿದರೆ ಯಾವ ಕೋರ್ಟಿಗೆ ಹೋಗಬೇಕು. ಕೋಗಳಿ ನಾಡನ್ನು ನೋಡಿದ ಮೇಲೆ ನನಗೆ ಅನ್ನಿಸುವುದು, ಆ ಅಪಾಯಗಳ ದೊಡ್ಡ ಪಾಲನ್ನು ಕೊನೆಗೆ ಹೊರುವವನು ಮುಕ್ಕಾಲು ಎಕರೆಯ ರೈತ, ಮತ್ತು ಅದನ್ನು ಹೊರಿಸುವ ಕೆಲಸ ನಡೆಯುವುದು ತಕ್ಕಡಿಯ ಮುಂದೆ.

ಕೂಡ್ಲಿಗಿಯ ಸುತ್ತಲಿನ ಬಂಡೆಗುಡ್ಡಗಳು ಒಂದರ ಮೇಲೊಂದು ಕಲ್ಲು ಹೇರಿಕೊಂಡು ನಿಂತಿವೆ. ಗುಡೇಕೋಟೆಯ ಕಡೆ ಕರಡಿಗಳಿಗಾಗಿಯೇ ಕಾದಿಟ್ಟ ಅಭಯಾರಣ್ಯವಿದೆ. ಮಸಾರಿ ನೆಲದಲ್ಲಿ ಶೇಂಗಾ, ಬದುಗಳ ಮೇಲೆ ಹುಣಸೆ. ಈ ಗುಡ್ಡಗಳು ಉಳಿದಿವೆ, ಪಕ್ಕದ ಸಂಡೂರಿನ ಗುಡ್ಡಗಳನ್ನು ಕಡಿದು ಸಾಗಿಸಲಾಯಿತು. ವ್ಯತ್ಯಾಸ ಅದಿರಿನದು. ಈ ಸೀಮೆ ಲೋಕದ ವ್ಯಾಪಾರವನ್ನು ಅತಿ ಹತ್ತಿರದಿಂದ ಕಂಡದ್ದೇ ಆ ಅದಿರಿನ ವರ್ಷಗಳಲ್ಲಿ. ಚೀನಾದ ಉಕ್ಕಿನ ಕುಲುಮೆಗಳು ಎಷ್ಟು ಕೊಟ್ಟರೂ ನುಂಗುತ್ತಿದ್ದ ಕಾಲವದು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನೇ ನಿಲ್ಲಿಸಿತು. ಅಕ್ರಮ ಅಷ್ಟು ದೊಡ್ಡದಿತ್ತು, ಆ ತೀರ್ಪು ಬೇಕೇ ಇತ್ತು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಬೆಲೆ ಗೊತ್ತಾಗುತ್ತಿದ್ದದ್ದು ಚೀನಾದಲ್ಲಿ, ಬಾಗಿಲು ಮುಚ್ಚಿದ್ದು ದೆಹಲಿಯಲ್ಲಿ, ಸಾಲ ಮಾಡಿ ಲಾರಿ ಕೊಂಡವನ ಕಂತು ಮಾತ್ರ ಊರಿನಲ್ಲೇ ಉಳಿಯಿತು. ಗಣಿಯ ಒಡೆಯನಿಗೆ ಒಂದು ಅನುಕೂಲವಿತ್ತು: ಅದಿರು ಕೊಳೆಯುವುದಿಲ್ಲ. ಮತ್ತೆ ಒಪ್ಪಿಗೆ ಸಿಗುವವರೆಗೆ ಅದು ಮಣ್ಣಿನಡಿ ಸುಮ್ಮನೆ ಕಾಯಬಲ್ಲದು; ರಫ್ತಿಗೆ ಕೋರ್ಟ್ ಮತ್ತೆ ಒಪ್ಪಿದ್ದು 2022ರ ಮೇ ತಿಂಗಳಲ್ಲಿ.

ಕೊಟ್ಟೂರಿನ ದಾರಿಯಲ್ಲಿ ಹಸಿವಾದವರಿಗೆ ಒಗ್ಗರಣೆ ಮೆಣಸಿನಕಾಯಿ ಎಲ್ಲ ಕಡೆ ಸಿಗುತ್ತದೆ: ಹುಳಿ ಹಿಡಿದ ಮಂಡಕ್ಕಿಯ ಒಗ್ಗರಣೆ, ಪಕ್ಕದಲ್ಲಿ ಬಿಸಿ ಮೆಣಸಿನಕಾಯಿ ಬಜ್ಜಿ. ಖಾನಾವಳಿಯಲ್ಲಿ ಕೂತರೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಎಳೆ ಸೌತೆಕಾಯಿ. ಈ ಸೀಮೆಯ ಊಟಕ್ಕೆ ಸೌತೆ ಬೇಕೇ ಬೇಕು. ಮಿಡಿಸೌತೆ ಅದರದೇ ಜಾತಿಯ ಬಳ್ಳಿ, ಆದರೂ ಆ ತಟ್ಟೆಗೆ ಬಾರದು. ಬೆರಳಿನಷ್ಟು ಉದ್ದ, ಮೈಯೆಲ್ಲ ಸಣ್ಣ ಗುಬುಟು, ತುದಿಗೆ ಇನ್ನೂ ಒಣಗದ ಹೂವು. ಗೂಟ ನೆಟ್ಟು ತಂತಿ, ಹುರಿ ಕಟ್ಟಿ ಬಳ್ಳಿಯನ್ನು ಹಬ್ಬಿಸುತ್ತಾರೆ. ಎಲೆಯ ಸುಂಕಿಗೆ ಮುಂಗೈ ತುರಿಸುತ್ತದೆ. ಕಾಯಿ ಎಲೆಯದೇ ಬಣ್ಣ, ಎಲೆಯ ಅಡಿಯಲ್ಲೇ ಅಡಗಿರುತ್ತದೆ; ಬಾಗಿ, ಎಲೆ ಸರಿಸಿ, ಒಂದೊಂದಾಗಿ ಕೀಳಬೇಕು. ಬಿಡಿಸುವವರು ಹೆಚ್ಚಾಗಿ ಹೆಂಗಸರು. ಬಿಡಿಸಲು ಶುರುವಾದ ಮೇಲೆ ಹಬ್ಬವಿರಲಿ, ಮನೆಯಲ್ಲಿ ಮದುವೆಯಿರಲಿ, ದಿನ ಬಿಡುವಂತಿಲ್ಲ. ಕಾರಣ ಇದರ ಬೆಳೆಯುವ ವೇಗ. ಇಂದು ಸಂಜೆ ಮೊದಲ ದರ್ಜೆಯಲ್ಲಿದ್ದ ಕಾಯಿ ನಾಳೆ ಬೆಳಗಿಗೆ ಎರಡನೆಯದಕ್ಕೆ ಇಳಿಯುತ್ತದೆ, ನಾಡಿದ್ದಿಗೆ ಯಾರಿಗೂ ಬೇಡವಾಗಿ ದನದ ಮುಂದೆ ಬೀಳುತ್ತದೆ. ದರ್ಜೆ ಎಂದರೆ ಕಿಲೋ ತೂಕಕ್ಕೆ ಎಷ್ಟು ಕಾಯಿ ಎಂಬ ಎಣಿಕೆ. ಕಿಲೋಗೆ 160ಕ್ಕಿಂತ ಹೆಚ್ಚು ಹಿಡಿಯುವ ಸಣ್ಣ ಕಾಯಿಗೆ ಒಳ್ಳೆಯ ದರ, 30 ಕಾಯಿಯ ದಪ್ಪದ್ದಕ್ಕೆ ಕೊನೆಯ ದರ. ಮಿಕ್ಕ ಎಲ್ಲ ಬೆಳೆಯೂ ತುಂಬಿ ಬಲಿತರೆ ರೈತನಿಗೆ ಖುಷಿ. ಇಲ್ಲಿ ಬಲಿತಷ್ಟೂ ನಷ್ಟ.

ಇದರ ಹಿಂದಿನ ಏರ್ಪಾಡು ಹೀಗಿದೆ. ಮಿಡಿಸೌತೆಯ ಬೇಸಾಯ, ಸಂಸ್ಕರಣೆ, ರಫ್ತು ಮೂರೂ ಭಾರತದಲ್ಲಿ 1990ರ ದಶಕದಲ್ಲಿ ಕರ್ನಾಟಕದಿಂದಲೇ ಶುರುವಾದವು, ಆಮೇಲೆ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೆ ಹಬ್ಬಿದವು. ಯುರೋಪಿನ ಚಳಿಗಾಲದಲ್ಲಿ ಈ ಬಳ್ಳಿ ಬದುಕುವುದಿಲ್ಲ, ನಮ್ಮ ಬಯಲುಸೀಮೆಯಲ್ಲಿ ನೀರಿದ್ದರೆ ವರ್ಷವಿಡೀ ಬೆಳೆಯುತ್ತದೆ, ದಿನವೂ ಕೀಳಲು ಕಡಿಮೆ ಕೂಲಿಗೆ ಕೈಗಳೂ ಸಿಗುತ್ತವೆ. ಈ ಎರಡು ಕಾರಣಗಳಿಗೇ ವ್ಯಾಪಾರ ಇಲ್ಲಿಗೆ ಬಂತು. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಲೆಕ್ಕದ ಪ್ರಕಾರ 2020-21ರಲ್ಲಿ 2,23,515 ಟನ್ ಸೌತೆ ಮತ್ತು ಮಿಡಿಸೌತೆ ರಫ್ತಾಗಿ 22.3 ಕೋಟಿ ಡಾಲರ್ ಬಂದಿದೆ. ಭಾರತವೇ ಇದರ ಅತಿ ದೊಡ್ಡ ರಫ್ತುದಾರ. ಸುಮಾರು 90,000 ಸಣ್ಣ, ಅತಿ ಸಣ್ಣ ರೈತರು 65,000 ಎಕರೆಯಲ್ಲಿ ಕಂಪನಿಗಳೊಡನೆ ಕರಾರು ಮಾಡಿಕೊಂಡು ಬೆಳೆಯುತ್ತಾರೆ. ಭಾಗಿಸಿ ನೋಡಿದರೆ ಒಬ್ಬರಿಗೆ ಮುಕ್ಕಾಲು ಎಕರೆಯೂ ಬರುವುದಿಲ್ಲ. 90 ದಿನದ ಬೆಳೆಗೆ ಎಕರೆಗೆ 4 ಟನ್ ಇಳುವರಿ, 80,000 ರೂಪಾಯಿ ಆದಾಯ, ಅದರಲ್ಲಿ 40,000 ನಿವ್ವಳ ಎನ್ನುತ್ತದೆ ಅದೇ ಲೆಕ್ಕ. ಅಂದರೆ ರೈತನಿಗೆ ಕಿಲೋಗೆ ಸರಾಸರಿ 20 ರೂಪಾಯಿ. ಬಂದರು ಬಿಡುವಾಗ ಅದೇ ಕಿಲೋಗೆ ಹೆಚ್ಚುಕಡಿಮೆ ಒಂದು ಡಾಲರ್, ಆಗಿನ ದರದಲ್ಲಿ 74 ರೂಪಾಯಿಯ ಆಸುಪಾಸು. ನಡುವಿನ 54 ರೂಪಾಯಿಯನ್ನು ಕಂಡು ಲೂಟಿ ಎಂದು ಕೂಗುವುದು ಸುಲಭ, ಸರಿಯಲ್ಲ. ವಿನೆಗರ್, ಉಪ್ಪು, ಡ್ರಮ್ಮು, ಕಾರ್ಖಾನೆಯ ಕೂಲಿ, ಬಂದರಿಗೆ ಸಾಗಣೆ, ತಿರಸ್ಕೃತ ಮಾಲು, ಬಡ್ಡಿ ಎಲ್ಲವೂ ಅದರಲ್ಲಿ ಕರಗಬೇಕು. ನನ್ನ ತಕರಾರು ಆ ಹಣದ ಮೇಲಲ್ಲ. ದಿನವೂ ಬಾಗಿ ದುಡಿದ ಮನೆಮಂದಿಯ ಕೂಲಿಯನ್ನು ಲೆಕ್ಕಕ್ಕೆ ಹಿಡಿದರೆ ಆ ನಿವ್ವಳ 40,000ದಲ್ಲಿ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆಯನ್ನೂ ಸದ್ಯಕ್ಕೆ ಬದಿಗಿಡುತ್ತೇನೆ. ನನ್ನನ್ನು ಕಾಡುವುದು ಏರ್ಪಾಡಿನ ಆಕಾರ. ಬೀಜ ಕೊಡುವುದು ಕಂಪನಿ. ಗೊಬ್ಬರ, ಔಷಧಿ ಸಾಲವಾಗಿ ಕೊಡುವುದು ಕಂಪನಿ. ಯಾವತ್ತು ಏನು ಸಿಂಪಡಿಸಬೇಕೆಂದು ಹೇಳುವುದು ಕಂಪನಿಯ ಫೀಲ್ಡ್‌ಮ್ಯಾನ್. ತೂಕ ಮಾಡಿ, ದರ್ಜೆ ನೋಡಿ, ಇದು ನಡೆಯುತ್ತದೆ, ಇದು ನಡೆಯುವುದಿಲ್ಲ ಎನ್ನುವುದೂ ಕಂಪನಿಯೇ. ಕೊನೆಗೆ ಸಾಲ ಮುರಿದುಕೊಂಡು ಉಳಿದದ್ದನ್ನು ಕೈಗಿಡುವುದೂ ಅದೇ.

ತರುಣ್ ಖನ್ನಾ ಮತ್ತು ಕೃಷ್ಣ ಪಾಲೆಪು ಎಂಬ ಹಾರ್ವರ್ಡ್‌ನ ಇಬ್ಬರು ಪ್ರಾಧ್ಯಾಪಕರು 1997ರಿಂದ ವಾದಿಸುತ್ತ ಬಂದದ್ದು ಇದನ್ನೇ. ಇಂಥ ದೇಶಗಳಲ್ಲಿ ಸಾಲ ಕೊಡುವ ಬ್ಯಾಂಕು, ಗುಣಮಟ್ಟಕ್ಕೆ ಸಾಕ್ಷಿ ಹೇಳುವವರು, ವ್ಯಾಜ್ಯ ಬೇಗ ತೀರಿಸುವ ಕೋರ್ಟು ಇವು ದುರ್ಬಲವಾಗಿರುವುದರಿಂದ ಕಂಪನಿಯೇ ಆ ಖಾಲಿ ಜಾಗಗಳನ್ನು ತುಂಬಿಕೊಳ್ಳಬೇಕಾಗುತ್ತದೆ, ತುಂಬಿದವನು ಗೆಲ್ಲುತ್ತಾನೆ ಎನ್ನುತ್ತಾರೆ ಅವರು. ಕಂಪನಿಯ ಕಡೆಯಿಂದ ನೋಡಿದರೆ ಮಾತು ಸರಿ. ಹೊಲದ ಕಡೆಯಿಂದ ನೋಡಿದರೆ ಆ ಎಲ್ಲ ಖಾಲಿ ಜಾಗಗಳಲ್ಲಿ ಒಬ್ಬನೇ ಕೂತಿದ್ದಾನೆ. ಕಡಲಾಚೆ ಬೇಡಿಕೆ ಚೆನ್ನಾಗಿದ್ದಾಗ ಒಂದಿಷ್ಟು ಸೊಟ್ಟ ಕಾಯಿಯೂ ನಡೆಯುತ್ತದೆ. 2021ರಲ್ಲಿ ಕಂಟೇನರ್ ಸಿಗದೆ ಸಾಗಣೆ ದರ ಏರಿದಾಗ, 2022ರಲ್ಲಿ ಯುದ್ಧ ಶುರುವಾಗಿ ರಷ್ಯಾದ ಕೆಲವು ಬ್ಯಾಂಕುಗಳು ಹಣ ರವಾನೆಯ ಸ್ವಿಫ್ಟ್ ಜಾಲದಿಂದ ಹೊರಬಿದ್ದಾಗ, 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇ 50 ಸುಂಕ ಹಾಕಿದಾಗ ಆದ ನಷ್ಟವನ್ನು ಯಾರಾದರೂ ಹೊರಬೇಕಲ್ಲ. ಕರಾರಿನಲ್ಲಿ ಬರೆದ ದರವನ್ನು ಕಂಪನಿ ಮುಟ್ಟಬೇಕಾಗಿಯೇ ಇಲ್ಲ. ದರ್ಜೆ ನೋಡುವ ಕಣ್ಣು ಸ್ವಲ್ಪ ಬಿಗಿಯಾದರೆ ಸಾಕು. ಎಲ್ಲ ಕಂಪನಿಗಳೂ ಹಾಗೆ ಮಾಡುತ್ತವೆ ಎಂದು ನಾನು ಹೇಳುತ್ತಿಲ್ಲ. ಮಾಡಿದರೆ ಕೇಳುವವರು ಯಾರೂ ಇಲ್ಲ ಎಂಬುದೇ ಈ ಏರ್ಪಾಡಿನ ದೋಷ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಗೆ ಹೋದರೆ ನಾಡಿಗೇ ಹೆಸರು ಕೊಟ್ಟ ಊರು ಈಗ ಎಷ್ಟು ಚಿಕ್ಕದು ಎನ್ನಿಸುತ್ತದೆ. ಅಲ್ಲಿನ ಜೈನ ಬಸದಿಯನ್ನು ಗಂಗ ದೊರೆ ದುರ್ವಿನೀತ ಕಟ್ಟಿಸಿದನೆಂದು ಹನ್ನೊಂದನೆಯ ಶತಮಾನದ ಶಾಸನ ಹೇಳುತ್ತದೆ. ಈ ಸುತ್ತಿನ ಬಾಗಳಿ, ಕುರುವತ್ತಿ, ಹಿರೇಹಡಗಲಿಗಳ ಕಲ್ಲುಗುಡಿಗಳ ಕೆತ್ತನೆ ನೋಡಿದ ಯಾರಿಗೂ ಇದು ಬರಿಯ ಬರದ ನಾಡಾಗಿತ್ತೆಂದು ನಂಬಲಾಗದು. ಕಲ್ಯಾಣದ ಚಾಲುಕ್ಯರ ಆ ಕಾಲದಲ್ಲೇ ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಕೂಟ ಐಹೊಳೆಯ ಹೆಸರು ಹೊತ್ತು ದಕ್ಷಿಣವನ್ನೆಲ್ಲ ಸುತ್ತುತ್ತಿತ್ತು. ಸುಮಾತ್ರದ ಲೋಬು ತುವಾದಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಆ ಐನೂರ್ವರ ಹೆಸರಿದೆ. ಕಡಲಾಚೆಯ ವ್ಯಾಪಾರ ಈ ನಾಡುಗಳಿಗೆ ಹೊಸತೇನಲ್ಲ ಎಂದು ಹೆಮ್ಮೆಪಡಲು ಇದನ್ನು ಹೇಳುತ್ತಿಲ್ಲ. ಆಗ ದೂರದ ಪೇಟೆಗೆ ಹೋದವರು ಒಟ್ಟಾಗಿ ಹೋದರು. ಅವರಿಗೆ ತಮ್ಮದೇ ಕಟ್ಟಳೆಯಿತ್ತು, ಮೋಸವಾದರೆ ಕೂಟವೇ ನಿಲ್ಲುತ್ತಿತ್ತು. ಇಂದು ಅಷ್ಟೇ ದೂರದ ಪೇಟೆಗೆ ಬೆಳೆಯುವವನು ಒಂಟಿಯಾಗಿ ಸಹಿ ಹಾಕಿದ್ದಾನೆ.

ಮುಂದೆ ಹಡಗಲಿ. ಊರ ಹೆಸರಿಗೇ ಹೂವು ಅಂಟಿಕೊಂಡಿದೆ, ಇಲ್ಲಿನ ಮಲ್ಲಿಗೆಗೆ 2008ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಮಿಡಿಸೌತೆಯ ವಿಷಯದಲ್ಲಿ ನನ್ನ ಯೋಚನೆ ಸರಿದಾರಿಗೆ ಬಂದದ್ದು ಈ ಮಲ್ಲಿಗೆಯಿಂದ. ಅಲ್ಲಿಯವರೆಗೆ ನಮ್ಮ ಮಲೆನಾಡಿನ ಕಾಫಿಯ ಅಳತೆಗೋಲೇ ತಲೆಯಲ್ಲಿತ್ತು. ಕಾಫಿಯೂ ಬಹುಪಾಲು ಪರದೇಶದ ಕುಡಿತಕ್ಕೆ ಬೆಳೆದ ಬೆಳೆ. ಅರೇಬಿಕಾದ ದರ ನ್ಯೂಯಾರ್ಕಿನಲ್ಲಿ, ರೊಬಸ್ಟಾದ್ದು ಲಂಡನ್ನಿನಲ್ಲಿ ಗೊತ್ತಾಗುತ್ತದೆ. ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ 1992ರಿಂದ 1996ರ ನಡುವೆ ಹಂತಹಂತವಾಗಿ ಕಳಚಿದ ಮೇಲೆ ಬೆಳೆಗಾರ ಆ ಏರಿಳಿತಕ್ಕೆ ನೇರವಾಗಿ ಒಡ್ಡಿಕೊಂಡ. ಆದರೂ ದರ ಬಿದ್ದ ವರ್ಷ ಅವನು ಚೆರ್ರಿಯನ್ನು ಒಣಗಿಸಿ ಗೋದಾಮಿಗೆ ಹಾಕಿ ಬೀಗ ಜಡಿದು ಕಾಯಬಲ್ಲ. ಹಾಗಾದರೆ ರೈತನ ಬಲವೆಲ್ಲ ಬೆಳೆ ಎಷ್ಟು ದಿನ ಬಾಳುತ್ತದೆ ಎಂಬುದರಲ್ಲಿದೆ ಎಂದು ತೀರ್ಮಾನಿಸಬಹುದಿತ್ತು. ಮಲ್ಲಿಗೆ ಅದನ್ನು ಸುಳ್ಳು ಮಾಡುತ್ತದೆ. ಮೊಗ್ಗು ಒಂದು ರಾತ್ರಿಯೂ ತಡೆಯುವುದಿಲ್ಲ. ಬೆಳಗಿನ ಬಸ್ಸು ತಪ್ಪಿದರೆ ಅರಳಿ ಹಾಳು. ದರ ಶ್ರಾವಣದಲ್ಲಿ ಏರಿ, ಮದುವೆ ಮುಹೂರ್ತವಿಲ್ಲದ ದಿನ ಇಳಿದು ಹೋಗುತ್ತದೆ. ಆದರೆ ಮಲ್ಲಿಗೆ ಬೇಕಾದವರು ಊರೂರಿಗೂ ಇದ್ದಾರೆ: ದೇವಸ್ಥಾನ, ಮದುವೆಮನೆ, ಬಸ್‌ಸ್ಟ್ಯಾಂಡಿನ ಹೂವಾಡಗಿತ್ತಿ, ಮುಡಿಯುವ ಹೆಂಗಸರು. ಒಬ್ಬ ದಲಾಲಿ ತೂಕದಲ್ಲಿ ಹೊಡೆದರೆ ನಾಳೆ ಮೊಗ್ಗು ಇನ್ನೊಬ್ಬನ ಬುಟ್ಟಿಗೆ ಹೋಗುತ್ತದೆ. ಆದ್ದರಿಂದ ಮಿಡಿಸೌತೆಯವನ ಕಷ್ಟ ಕಾಯಿ ಬೇಗ ಬಲಿಯುವುದರಿಂದ ಹುಟ್ಟಿದ್ದಲ್ಲ. ಬೇಗ ಬಲಿಯುವ ಕಾಯಿಗೆ ಒಬ್ಬನೇ ಗಿರಾಕಿ ಇರುವುದರಿಂದ ಹುಟ್ಟಿದ್ದು. ಇವೆರಡೂ ಒಂದೇ ಬೆಳೆಯಲ್ಲಿ ಕೂಡಿದಾಗ ಕಂಪನಿಯವನು ಸಜ್ಜನನೇ ಆಗಿದ್ದರೂ ವ್ಯವಹಾರ ಒಂದು ಕಡೆಗೇ ವಾಲುತ್ತದೆ.

ಇದಕ್ಕೆ ಬರುವ ದೊಡ್ಡ ಆಕ್ಷೇಪಣೆ ಹರಪನಹಳ್ಳಿಯಲ್ಲಿ ಕಣ್ಣೆದುರೇ ನಿಂತಿದೆ. 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂದ ಈ ತಾಲ್ಲೂಕು ಮೆಕ್ಕೆಜೋಳದ ಸೀಮೆ. ಕಣ್ಣು ಹಾಯುವಷ್ಟು ದೂರ ಅದೇ ಬೆಳೆ, ಸುಗ್ಗಿಯಲ್ಲಿ ರಸ್ತೆಯ ಬದಿಗೂ ಅದನ್ನೇ ಹರವಿರುತ್ತಾರೆ. ಮೆಕ್ಕೆಜೋಳಕ್ಕೆ ಗಿರಾಕಿಗಳು ಬಹಳ: ಕೋಳಿ ಆಹಾರದವರು, ಸ್ಟಾರ್ಚ್ ಕಾರ್ಖಾನೆ, ಈಗೀಗ ಎಥೆನಾಲ್. ಎಪಿಎಂಸಿಯಿದೆ, ಹರಾಜಿದೆ, ಚೀಲದಲ್ಲಿ ತುಂಬಿ ಇಡಲೂಬಹುದು. ಆದರೂ 2025ರ ಸುಗ್ಗಿಯಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇದ್ದಾಗ ಪೇಟೆಯ ದರ ಅದಕ್ಕಿಂತ ಎಷ್ಟೋ ಕೆಳಗಿಳಿದು ರೈತರು ಬೀದಿಗೆ ಬಂದರು. ತೆರೆದ ಪೇಟೆ ಇಷ್ಟೇ ಕಾಯುವುದಾದರೆ, ಬಿತ್ತುವ ಮೊದಲೇ ದರ ಬರೆದುಕೊಡುವ ಕಂಪನಿ ಮೇಲಲ್ಲವೇ? ಬ್ಯಾಂಕು ಬಾಗಿಲಲ್ಲಿ ನಿಲ್ಲಿಸುವವನಿಗೆ ಬೀಜ, ಗೊಬ್ಬರ ಕೈಗೆ ತಂದುಕೊಡುವವರು ಬೇರೆ ಯಾರಿದ್ದಾರೆ? ಮೂರು ತಿಂಗಳಲ್ಲಿ ಕೈಗೆ ದುಡ್ಡು ಕಾಣಿಸುವ ಬೆಳೆ ಮುಕ್ಕಾಲು ಎಕರೆಯವನಿಗೆ ಇನ್ನಾವುದಿದೆ? ಈ ಪ್ರಶ್ನೆಗಳನ್ನು ತಳ್ಳಿಹಾಕಲು ಬರುವುದಿಲ್ಲ. ಮಿಡಿಸೌತೆ ಬಂದದ್ದರಿಂದ ಈ ಸೀಮೆಗೆ ಒಳ್ಳೆಯದಾಗಿದೆ, ಅದು ಹೋಗಬೇಕೆಂದು ಬಯಸುವವರು ಬಳ್ಳಿ ಕಿತ್ತ ಜಾಗದಲ್ಲಿ ಏನು ನೆಡುತ್ತಾರೆಂದು ಹೇಳಬೇಕು. ನಾನು ಕೇಳುತ್ತಿರುವುದು ಬೇರೆ. ಮುಂಚಿತ ದರ ದೊಡ್ಡ ವರವೇ, ಆದರೆ ಆ ದರ ಅಂಟಿಕೊಂಡಿರುವುದು ದರ್ಜೆಗೆ. ದರ್ಜೆಯನ್ನು ಕೊಳ್ಳುವವನೇ ತೀರ್ಮಾನಿಸುವವರೆಗೆ ಬರೆದ ದರಕ್ಕೆ ಅರ್ಧ ಬೆಲೆ ಮಾತ್ರ. ಹರಪನಹಳ್ಳಿಯ ಯಾರ್ಡಿನಲ್ಲಿ ಮೆಕ್ಕೆಜೋಳದವನಿಗೆ ದರ ಕೈಕೊಡಬಹುದು. ಆದರೆ ಅವನ ಚೀಲ ತೂಗಲು ಲೈಸೆನ್ಸ್ ಪಡೆದ ತೂಕದವನಿದ್ದಾನೆ, ಸುತ್ತ ಹತ್ತು ಜನ ನೋಡುತ್ತಿರುತ್ತಾರೆ. ಮಿಡಿಸೌತೆಯವನಿಗೆ ಅಷ್ಟೂ ಇಲ್ಲ.

ಕಂಪನಿಗಳ ಕಡೆಯ ದೂರೂ ಇದೆ, ಅದೂ ನಿಜ. ಒಬ್ಬರಿಂದ ಬೀಜ ಗೊಬ್ಬರ ಪಡೆದು, ಕಾಯಿ ಬರುವಾಗ ಹೆಚ್ಚು ಕೊಡುವ ಇನ್ನೊಬ್ಬ ಏಜೆಂಟನಿಗೆ ರಾತ್ರೋರಾತ್ರಿ ಮಾರುವ ರೈತರಿದ್ದಾರೆ. ಹಾಗೆ ಮುಳುಗಿದ ಸಾಲವನ್ನು ಕೋರ್ಟಿಗೆ ಹೋಗಿ ವಸೂಲು ಮಾಡುವುದು ಆಗದ ಮಾತು. ಆದರೆ ಒಬ್ಬರಿಗೊಬ್ಬರ ಮೇಲೆ ನಂಬಿಕೆಯಿಲ್ಲದ ಕಡೆ ಈ ವ್ಯಾಪಾರ ಬಾಳುವುದೇ ಇಲ್ಲ ಎಂಬುದಕ್ಕೆ ಒಂದು ಗಟ್ಟಿ ಕಾರಣವಿದೆ, ಅದು ಕಂಪನಿಯ ಲಾಭಕ್ಕೇ ಸಂಬಂಧಪಟ್ಟದ್ದು. ಬೇರೆ ಮಿತಿ ಗೊತ್ತುಮಾಡದ ಕೀಟನಾಶಕಕ್ಕೆ ಯುರೋಪಿನ ಒಕ್ಕೂಟ ಇಟ್ಟಿರುವ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಒಂದು ಕಂಟೇನರಿನಲ್ಲಿ ಎಷ್ಟೋ ಹೊಲಗಳ ಕಾಯಿ ಬೆರೆತಿರುತ್ತದೆ. ಆ ಹೊಲದವರಲ್ಲಿ ಒಬ್ಬ, ಹುಳು ಬಿತ್ತೆಂದು ಹೆದರಿ, ಪೇಟೆಯ ಅಂಗಡಿಯಿಂದ ತಂದ ಯಾವುದೋ ಔಷಧಿಯನ್ನು ಒಂದು ಟ್ಯಾಂಕು ಹೊಡೆದರೂ ಸಾಕು, ಅಷ್ಟೂ ಮಾಲು ವಾಪಸು ಬರಬಹುದು. ಫೀಲ್ಡ್‌ಮ್ಯಾನ್ ಎಲ್ಲ ಹೊಲದಲ್ಲೂ ಎಲ್ಲ ಹೊತ್ತೂ ನಿಂತಿರಲಾರ. ಕೋಟ್ಯಂತರ ಡಾಲರಿನ ವ್ಯಾಪಾರ ನಿಂತಿರುವುದು ಸಿಂಪಡಿಸುವವನ ಪ್ರಾಮಾಣಿಕತೆಯ ಮೇಲೆ, ಎಲೆಯಡಿಯ ಕಾಯಿ ಬಿಡದೆ ಕೀಳುವ ಹೆಂಗಸಿನ ಕೈಯ ಮೇಲೆ. ತಕ್ಕಡಿಯ ಮುಂದೆ ತನಗೆ ಮೋಸವಾಯಿತೆಂದು ನಂಬಿದವನು ಔಷಧಿ ಅಂಗಡಿಯ ಮುಂದೆ ಕಂಪನಿಯ ಒಳಿತು ನೆನೆಯುತ್ತಾನೆಯೇ? ಪರದೇಶದಲ್ಲಿ ಕುಳಿತು ಡಬ್ಬಿಗಳ ಮೇಲೆ ತಮ್ಮ ಹೆಸರು ಅಚ್ಚು ಹಾಕುವವರಿಗೆ ಇದು ತಿಳಿದಿರಬೇಕು. ಅವರು ಕಾರ್ಖಾನೆಯ ನೆಲ ಎಷ್ಟು ಸ್ವಚ್ಛವಿದೆಯೆಂದು ನೋಡಲು ಪರೀಕ್ಷಕರನ್ನು ಕಳಿಸುತ್ತಾರೆ. ಹಳ್ಳಿಯ ಸಂಗ್ರಹ ಕೇಂದ್ರದಲ್ಲಿ ದರ್ಜೆ ಯಾರು ನೋಡುತ್ತಾರೆಂದೂ ಅವರು ಕೇಳಬೇಕು.

ಕಾನೂನು ಈ ಬಾಗಿಲಿಗೆ ಒಮ್ಮೆ ಬಂದಿತ್ತು. 2020ರಲ್ಲಿ ಕೇಂದ್ರ ತಂದ ಕರಾರು ಕೃಷಿಯ ಕಾಯ್ದೆ ವ್ಯಾಜ್ಯಗಳನ್ನು ಸಿವಿಲ್ ಕೋರ್ಟಿನಿಂದ ಹೊರಗಿಟ್ಟು ಉಪವಿಭಾಗಾಧಿಕಾರಿಗೆ ಒಪ್ಪಿಸಿತು. ರೈತರ ವಿರೋಧಕ್ಕೆ ಮಣಿದು 2021ರ ನವೆಂಬರಿನಲ್ಲಿ ಸಂಸತ್ತು ಅದನ್ನು ಇತರ ಎರಡು ಕಾಯ್ದೆಗಳ ಜೊತೆ ಹಿಂತೆಗೆಯಿತು. ಆ ವಾದವಿವಾದದಲ್ಲಿ ಎರಡೂ ಕಡೆಯವರು ವ್ಯಾಜ್ಯ ಹುಟ್ಟಿದ ಮೇಲೆ ಯಾರ ಹತ್ತಿರ ಹೋಗಬೇಕೆಂದು ಜಗಳವಾಡಿದರು. ಮಿಡಿಸೌತೆಯವನಿಗೆ ಅದರಿಂದ ಆಗುವುದು ಕಡಿಮೆ. ಬೆಳಿಗ್ಗೆ ಬೇಡವೆಂದ ಬುಟ್ಟಿ ಅರ್ಜಿ ಬರೆಯುವ ಹೊತ್ತಿಗೆ ಬಾಡಿರುತ್ತದೆ. ಸಾಕ್ಷಿಯೇ ಉಳಿಯದ ವ್ಯಾಜ್ಯಕ್ಕೆ ಅಧಿಕಾರಿ ಏನು ತೀರ್ಪು ಕೊಟ್ಟಾನು? ಏನಾದರೂ ಆಗಬೇಕಿದ್ದರೆ ಆ ಬುಟ್ಟಿ ತಕ್ಕಡಿಗೆ ಏರುವ ಹೊತ್ತಿನಲ್ಲೇ ಆಗಬೇಕು. ದರ್ಜೆಯ ಅಳತೆ ಕಾಯಿ ಎಣಿಸಿದರೆ ಯಾರಿಗೂ ಕಾಣುವಂಥದ್ದು. ಅದಕ್ಕೆ ಪ್ರಯೋಗಾಲಯ ಬೇಡ. ಎಪಿಎಂಸಿ ತನ್ನ ಯಾರ್ಡಿನಲ್ಲಿ ತೂಕದವರಿಗೆ ಲೈಸೆನ್ಸ್ ಕೊಡುವ ಹಾಗೆಯೇ ಸಂಗ್ರಹ ಕೇಂದ್ರಗಳಿಗೂ ದರ್ಜೆ ನೋಡುವವರನ್ನು ಕೊಡಬಹುದು, ಹೊರಗಿಟ್ಟ ಕಾಯಿ ಎಷ್ಟು, ಯಾಕೆ ಎಂದು ರೈತನ ಚೀಟಿಯಲ್ಲೇ ಬರೆಸಬಹುದು. ಖರ್ಚು ಯಾರು ಕೊಡಬೇಕು ಎಂಬುದು ಮೊದಲು ಏಳುವ ಪ್ರಶ್ನೆ. 2020-21ರ ರಫ್ತಿನ ಮೇಲೆ ಕಿಲೋಗೆ 25 ಪೈಸೆ ಹಾಕಿದರೂ ವರ್ಷಕ್ಕೆ 5 ಕೋಟಿ 58 ಲಕ್ಷ ರೂಪಾಯಿ ಕೂಡುತ್ತದೆ. ಆ ದುಡ್ಡಿನಲ್ಲಿ, ಬೆಳೆಯ ಕಾಲಕ್ಕೆ, ಕಂಪನಿಯ ಸಂಬಳ ತಿನ್ನದ ಒಬ್ಬರನ್ನು ಪ್ರತಿ ತಕ್ಕಡಿಯ ಪಕ್ಕ ಕೂರಿಸಲು ಆಗುವುದಿಲ್ಲ ಎನ್ನುವವರು ತಮ್ಮ ಲೆಕ್ಕವನ್ನು ತೋರಿಸಲಿ.